ಬಾಟಲಿ ಹತ್ತಿದ ಗುಳ್ಳೆಗಳು

ನಮ್ಮ ಅತ್ತೆಯ ಹೃದಯಕ್ಕೆ ಹೋಗಬೇಕಿದ್ದ ಗುಳ್ಳೆಗಳನ್ನು ನಾನು ಡ್ರಿಪ್ಪಿನ ಬಾಟಲಿಗೆ ಬಿಟ್ಟೆ. ಒಂದು ಸಲ ಅಲ್ಲ, ಎರಡು ಸಲ. ಎರಡನೆಯ ಸಲ ಇನ್ನೂ ಚೆನ್ನಾಗಿ ಬಿಟ್ಟೆ.

ಹೃದಯಕ್ಕೆ ಗುಳ್ಳೆ ಯಾಕೆ ಹೋಗಬೇಕು ಎಂದು ನಿಮಗೆ ಗಾಬರಿಯಾಗಬಹುದು. ಮೊದಲ ದಿನ ನನಗೂ ಆಗಿತ್ತು. ಎದೆ ತೆರೆಯುವ ಆಪರೇಷನ್ನಿಗೆ ಮುಂಚೆ ಕುತ್ತಿಗೆಯ ಬಲಗಡೆಯ ದೊಡ್ಡ ರಕ್ತನಾಳಕ್ಕೆ ಸೂಜಿ ಚುಚ್ಚಿ, ಅಲ್ಲಿಂದ ಒಂದು ತೆಳ್ಳಗಿನ ನಳಿಗೆಯನ್ನು ಹೃದಯದ ಹೊಸ್ತಿಲಿನವರೆಗೆ ಇಳಿಸುತ್ತಾರೆ. ಪುಸ್ತಕದಲ್ಲಿ ಅದು ಕೆಥೀಟರ್, ನಮ್ಮ ಬಾಯಲ್ಲಿ ಲೈನು. ಆಮೇಲೆ ಕೊಡುವ ಜೀವ ಹಿಡಿದಿಡುವ ಔಷಧಗಳೆಲ್ಲ ಅದರಲ್ಲೇ ಹೋಗಬೇಕು. ಅದು ಹೇಳಿದ ಜಾಗದಲ್ಲಿ ಕೂತಿದೆಯೋ, ದಾರಿ ತಪ್ಪಿ ತೋಳಿನ ಕಡೆಗೆ ತಿರುಗಿದೆಯೋ ಎಂದು ನೋಡಲು ಒಂದು ಉಪಾಯ ಇದೆ. ಸಲೈನಿಗೆ ಚೂರು ಗಾಳಿ ಸೇರಿಸಿ ಎರಡು ಸಿರಿಂಜುಗಳ ನಡುವೆ ಆಚೆ ಈಚೆ ರಭಸದಿಂದ ತಳ್ಳಿದರೆ ಸೋಡಾದ ಹಾಗೆ ನೊರೆಯಾಗುತ್ತದೆ. ಅದನ್ನು ಲೈನಿನೊಳಕ್ಕೆ ಬಿಟ್ಟರೆ, ಎಕೋ ಸ್ಕ್ಯಾನಿನ ಪರದೆಯ ಮೇಲೆ ಕಪ್ಪಗಿದ್ದ ಹೃದಯದ ಬಲಕೋಣೆ ಕಣ್ಣು ಮಿಟುಕಿಸುವುದರೊಳಗೆ ಬೆಳ್ಳಗಾಗುತ್ತದೆ. ಬೆಳ್ಳಗಾದರೆ ಲೈನು ಸರಿ ಇದೆ ಎಂದರ್ಥ. ತೀರ ಸಣ್ಣ ಗುಳ್ಳೆಗಳು, ಶ್ವಾಸಕೋಶಕ್ಕೆ ಹೋಗಿ ಕರಗಿಬಿಡುತ್ತವೆ.

ಇದರಲ್ಲಿ ನನ್ನ ಪಾಲಿನ ಕೆಲಸ ಅಲ್ಲಾಡಿಸುವುದು ಮತ್ತು ತಳ್ಳುವುದು. ಅಡುಗೆಮನೆಯ ಮಿಕ್ಸರಿಗೆ ವಹಿಸಬಹುದಾದ ಕೆಲಸ. ಮಿಕ್ಸರಾಗಿದ್ದರೆ ತಪ್ಪು ಮಾಡುತ್ತಿರಲಿಲ್ಲ.

ನಾನು ಅರಿವಳಿಕೆ ವಿಭಾಗದ ಟೆಕ್ನಿಷಿಯನ್. ಹೊನ್ನಾವರದಲ್ಲಿ ಮಾತ್ರ ಇದು ಯಾರಿಗೂ ಗೊತ್ತಿಲ್ಲ. ನಮ್ಮ ಭಟ್ಕಳ, ಹೊನ್ನಾವರ, ಕುಮಟೆ ಮೂರೂ ಕಡೆ ಎದೆ ತೆರೆಯುವ ಆಸ್ಪತ್ರೆ ಇಲ್ಲ. ಎದೆ ಕೈಕೊಟ್ಟರೆ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋಗಬೇಕು. ಹಾಗೆ ಹೊರಟವರು ಮೊದಲು ವಿಚಾರಿಸುವುದು ಡಾಕ್ಟರು ಯಾರು ಎಂದಲ್ಲ, ಅಲ್ಲಿ ನಮ್ಮವರು ಯಾರಿದ್ದಾರೆ ಎಂದು. ನಮ್ಮವರು ಅಂದರೆ ಬಾಗಿಲು ಕಾಯುವವನಾದರೂ ಸರಿ, ಊಟದ ಟ್ರಾಲಿ ತಳ್ಳುವವನಾದರೂ ಸರಿ. ಹಾಗಾಗಿ ನನಗೆ ಅಂಥ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ ವಾರದಲ್ಲೇ ಹೊನ್ನಾವರದಿಂದ ಆಚೆಗೂ ಈಚೆಗೂ ನನ್ನ ನಂಬರು ಹರಡಿತು. ಅಮ್ಮ ‘ಹಾರ್ಟಿನ ಆಪರೇಷನ್ ಮಾಡುವಲ್ಲಿ ಇದ್ದಾನೆ’ ಎಂದು ಹೇಳಿದ್ದು ಮೂರನೆಯ ಮನೆ ದಾಟುವಾಗ ‘ಮಾಡುತ್ತಾನೆ’ ಎಂದಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನವರು ನನಗೆ ಎರಡು ಚಟ್ನಿ ಹಾಕಿಸಿ ಡಾಕ್ಟ್ರೇ ಎಂದು ಕರೆದಾಗ ನಾನು ತಿದ್ದಬೇಕಿತ್ತು. ಬಾಯಲ್ಲಿ ದೋಸೆ ಇತ್ತು.

ಒಮ್ಮೆ ಗೇರುಸೊಪ್ಪೆಯಿಂದ ಒಬ್ಬರು ಇಸಿಜಿ ಹಿಡಿದುಕೊಂಡು ಮನೆಗೇ ಬಂದರು. ನಾನು ಆ ಕಾಗದವನ್ನು ಬೆಳಕಿಗೆ ಹಿಡಿದು, ಅಡ್ಡ ಮಾಡಿ, ಉದ್ದ ಮಾಡಿ, ಹುಬ್ಬು ಗಂಟಿಕ್ಕಿ ನೋಡಿ, ಕಡೆಗೆ ಒಬ್ಬ ಒಳ್ಳೆಯ ಡಾಕ್ಟರಿಗೆ ತೋರಿಸಿ ಎಂದೆ. ಅವರು ತೋರಿಸಿದರು, ಗುಣವಾಯಿತು, ನಮ್ಮ ಮನೆಗೆ ಒಂದು ಬಾಳೆಗೊನೆ ಬಂತು. ನಾನು ಈವರೆಗೆ ಕೊಟ್ಟ ವೈದ್ಯಕೀಯ ಸಲಹೆಗಳಲ್ಲಿ ಸರಿಯಾದದ್ದು ಅದೊಂದೇ.

ಈ ಖ್ಯಾತಿಯನ್ನು ಪೂರ್ತಿ ನಂಬಿದವಳು ಮಿರ್ಜಾನದ ಅತ್ತೆ. ಅಪ್ಪನ ಅಕ್ಕ. ನನ್ನ ಬೇಸಿಗೆ ರಜೆಗಳೆಲ್ಲ ಅವಳ ಮನೆಯಲ್ಲೇ ಕಳೆದದ್ದು. ಅಲ್ಲಿ ನನಗೆ ಒಂದೇ ಜವಾಬ್ದಾರಿ ಇತ್ತು, ಬಾವಿಕಟ್ಟೆಯ ವಾಲ್ವು. ಬಾವಿಗೂ ಪಂಪಿಗೂ ಅತ್ತೆಯ ಮನೆಯವರು ಮತ್ತು ಪಕ್ಕದ ಮನೆಯವರು ಪಾಲುದಾರರು. ಒಂದು ದಿನ ಇವರ ಬಾಳೆ, ತೆಂಗಿಗೆ ನೀರು, ಮರುದಿನ ಅವರದ್ದಕ್ಕೆ. ಪಂಪಿನಿಂದ ಬಂದ ಪೈಪು ಕಟ್ಟೆಯ ಮೇಲೆ ಎರಡಾಗಿ ಕವಲೊಡೆಯುವಲ್ಲಿ, ಕುಮಟೆಯ ಫಿಟ್ಟರೊಬ್ಬ ಎಲ್ಲಿಂದಲೋ ತಂದು ಕೂರಿಸಿದ ಹಿತ್ತಾಳೆಯ ದೊಡ್ಡ ವಾಲ್ವು ಇತ್ತು, ಅದಕ್ಕೊಂದು ಉದ್ದದ ಹಿಡಿ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ಅತ್ತೆ ಕಲಿಸಿದ್ದಳು. ಹಿಡಿ ಯಾವ ಕಡೆ ಮುಖ ಮಾಡಿದೆಯೋ ನೀರು ಆ ಕಡೆ ಹೋಗುತ್ತದೆ, ಅಷ್ಟೇ. ಪಕ್ಕದ ಮನೆಯ ಕಡೆ ತಪ್ಪಿ ತಿರುಗಿಸಿದರೆ ಅವರು ಹೇಳುವುದಿಲ್ಲ, ಸುಮ್ಮನೆ ಬಾಳೆಗೆ ನೀರು ಕಟ್ಟಿಕೊಂಡು ನಗುತ್ತಾರೆ. ಅವರ ಮುಂದೆ ನಗೆಪಾಟಲಾಗುವುದು ಅತ್ತೆಗೆ ಜ್ವರ ಬಂದದ್ದಕ್ಕಿಂತ ಕಷ್ಟ. ಹಾಗಾಗಿ ನಾನು ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಹಿಡಿಯನ್ನು ಸರಿಯಾಗಿ ತಿರುಗಿಸುವಷ್ಟು ಪಳಗಿದ್ದೆ. ಶಾಲೆಯಲ್ಲಿ ಕಲಿತದ್ದೆಲ್ಲ ಮರೆತುಹೋಗಿದೆ, ಇದು ಮಾತ್ರ ಕೈಯಲ್ಲಿ ಉಳಿದಿದೆ. ಅದೇ ತೊಂದರೆಯಾದದ್ದು.

ಆ ಅತ್ತೆಗೆ ಈಗ ಬಾವಿಕಟ್ಟೆಯಿಂದ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಸಿಗುತ್ತಿರಲಿಲ್ಲ. ತಲೆದಿಂಬಿನ ಮೇಲೆ ತಲೆದಿಂಬು ಪೇರಿಸಿ ಅರ್ಧ ಕೂತು ಮಲಗುತ್ತಿದ್ದಳು. ಹೃದಯದ ಒಂದು ಕವಾಟ ಗಟ್ಟಿಯಾಗಿ ಕಿರಿದಾಗಿದೆ, ಬದಲಿಸಬೇಕು, ತಡ ಮಾಡಬೇಡಿ ಎಂದು ನಮ್ಮ ಸರ್ಜನ್ ಹೇಳಿ ಆಗಿತ್ತು. ಅತ್ತೆಗೆ ಎದೆ ಕೊಯ್ಯುವುದರ ಬಗ್ಗೆ ಭಯ ಇರಲಿಲ್ಲ. ಭಯ ಇದ್ದದ್ದು ಸೂಜಿಗೆ. ಅವಳ ರಕ್ತನಾಳಗಳು ನಾಚಿಕೆಯ ಸ್ವಭಾವದವು, ಸೂಜಿ ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತವೆ. ಕುಮಟೆಯಲ್ಲಿ ರಕ್ತ ತೆಗೆಸಿಕೊಂಡು ಬಂದರೆ ಎರಡೂ ಕೈ ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು. ಒಮ್ಮೆ ಹೊನ್ನಾವರದ ಒಂದು ಕ್ಲಿನಿಕ್ಕಿನಲ್ಲಿ ಎರಡನೆಯ ಸಲ ಚುಚ್ಚಲು ಕೈ ಹಿಡಿದಾಗ ಚಪ್ಪಲಿಯನ್ನೂ ಹಾಕಿಕೊಳ್ಳದೆ, ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದು ಬಸ್ಸು ಹತ್ತಿದವಳು. ನಮ್ಮ ಆಸ್ಪತ್ರೆಗೂ ಮೊದಲೊಮ್ಮೆ ಬಂದಿದ್ದಳು. ಸ್ವಲ್ಪ ಜ್ವರ ಇದೆ ಎಂದು ಆಪರೇಷನ್ ಮುಂದೆ ಹಾಕಿದರು. ಅವಳು ಹಬ್ಬ ಮುಗಿಸಿಕೊಂಡು ಬಂದವಳ ಹಾಗೆ ಖುಷಿಯಲ್ಲಿ ಮನೆಗೆ ಹೋದಳು. ಅವಳನ್ನು ಮತ್ತೆ ಹೊರಡಿಸಲು ಮಾವನಿಗೆ ಸಾಕುಸಾಕಾಯಿತು. ಈ ಸಲವೂ ಹಿಂದೆ ಕಳಿಸಿದರೆ ಮೂರನೆಯ ಸಲ ಅವಳು ಹೊರಡುವುದಿಲ್ಲ ಎಂದು ಮಾವ ಫೋನಿನಲ್ಲಿ ಹೇಳಿದರು. ಯಾವತ್ತೂ ತಮಾಷೆ ಮಾಡುವ ಮನುಷ್ಯ, ಅವತ್ತು ಮಾಡಲಿಲ್ಲ.

ಅವರು ಹೊರಟ ದಿನ ನಾನು ರಜೆಯಲ್ಲಿ ಊರಲ್ಲಿದ್ದೆ. ಹಾಗಾಗಿ ಆ ಮೆರವಣಿಗೆಯಲ್ಲಿ ನಾನೂ ಇದ್ದೆ. ಮಿರ್ಜಾನದಲ್ಲಿ ವ್ಯಾನು ಹೊರಟಾಗ ಅತ್ತೆ, ಮಾವ, ಒಂದು ಫ್ಲಾಸ್ಕು ಇದ್ದದ್ದು. ಕುಮಟೆಯಲ್ಲಿ ಇಬ್ಬರು ನೆಂಟರು ಹತ್ತಿದರು, ಜೊತೆಗೆ ಹಾಸಿಗೆ ಸುತ್ತು. ಹೊನ್ನಾವರದಲ್ಲಿ ನಾನು, ಅಮ್ಮ, ಅಮ್ಮನ ಕೈಯಲ್ಲಿ ಉಪ್ಪಿನಕಾಯಿ ಬಾಟಲಿ. ಎದೆಯ ಆಪರೇಷನ್ನಿಗೆ ಹೋಗುವವಳಿಗೆ ಉಪ್ಪಿನಕಾಯಿ ಯಾಕೆ ಎಂದರೆ ಅದು ನಮಗೆ ಎಂದಳು. ಭಟ್ಕಳ ದಾಟುವ ಮೊದಲು ಮುಟ್ಟಳ್ಳಿಯ ಕ್ರಾಸಿನಲ್ಲಿ ಅತ್ತೆಯ ಮಗಳು ನಿಂತಿದ್ದಳು, ಅವಳಿಗೆ ಕೂರಲು ಜಾಗ ಇಲ್ಲದೆ ನಾನು ಹಾಸಿಗೆ ಸುತ್ತಿನ ಮೇಲೆ ಹೋದೆ. ದಾರಿಯುದ್ದಕ್ಕೂ ಅತ್ತೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದಳು. ಎಲ್ಲೆಲ್ಲಿ ಚುಚ್ಚುತ್ತಾರೆ. ನಾನು ನನ್ನ ಪಾಂಡಿತ್ಯ ತೋರಿಸಲು ಇದೇ ಸಮಯ ಎಂದುಕೊಂಡು ಕುತ್ತಿಗೆಯ ಲೈನಿನ ಬಗ್ಗೆ ವಿವರವಾಗಿ ಹೇಳಿದೆ. ಹೇಳಿದ ಮೇಲೆ ವ್ಯಾನಿನಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ಅತ್ತೆ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಡ್ರೈವರಿಗೆ ವ್ಯಾನು ನಿಲ್ಲಿಸಲು ಹೇಳಿದಳು.

ಭಟ್ಕಳದ ಪೇಟೆ ದಾಟಿದ ಮೇಲೆ ರಸ್ತೆ ಬದಿಯಲ್ಲಿ ವ್ಯಾನು ನಿಂತಿತು. ಮಾವ ಇಳಿದು ಸುಮ್ಮನೆ ದೂರ ಹೋಗಿ ನಿಂತರು. ಅತ್ತೆಯೂ ಇಳಿದು, ಹಿಂದೆಯೇ ಇಳಿದ ನನ್ನ ಮೊಣಕೈ ಹಿಡಿದಳು.

“ತಮಾ, ನೀ ಒಳಗೆ ಇರ್ತ್ಯ ಇಲ್ಯ?”

ಇರುತ್ತೇನೆ ಎಂದೆ.

“ಎದೆ ಕೊಯ್ದ್ರೆ ಕೊಯ್ಯಲಿ, ಎನಗೆ ಗೊತ್ತಾಗ್ತಿಲ್ಲೆ. ಕುತ್ತಿಗೆಗೆ ಮಾತ್ರ ಒಂದೇ ಸಲ. ಎದ್ದ ಮೇಲೆ ಕನ್ನಡಿ ಹಿಡ್ಕಂಡು ತೂತು ಎಣಿಸ್ತೆ ಆನು.”

ಒಂದೇ ಸಲ ಎಂದು ನಾನು ಮಾತು ಕೊಟ್ಟೆ. ಚುಚ್ಚುವವನು ನಾನಲ್ಲ, ಚುಚ್ಚುವವರು ನನ್ನ ಮಾತು ಕೇಳುವವರಲ್ಲ, ಸೂಜಿ ಯಾರ ಮಾತನ್ನೂ ಕೇಳುವುದಲ್ಲ. ಆದರೂ ಪೇಟೆಯಲ್ಲಿ ಎರಡು ಚಟ್ನಿ ಹಾಕಿಸಿಕೊಂಡವನು ಹಾಗೆಲ್ಲ ಹಿಂಜರಿಯಬಾರದು. ದೂರದಿಂದ ವಾಪಸ್ಸು ಬಂದ ಮಾವ ಅವಳು ಹತ್ತಿ ಕೂತದ್ದನ್ನು ನೋಡಿ, ಮುಖದ ಗೆರೆ ಸಡಿಲಾಗಿ, ನನ್ನ ಕಿವಿಯ ಹತ್ತಿರ ಬಂದರು. “ಇದ್ರ ಹೃದಯಕ್ಕಿಂತ ಬಾಯಿ ಗಟ್ಟಿ ಇದ್ದು. ಅದಕ್ಕೂ ಎಂತಾರು ಆಪರೇಷನ್ ಇದ್ದ ಹೇಳಿ ಕೇಳು.”

ನಮ್ಮ ಅರಿವಳಿಕೆ ಮೇಡಂ ಹತ್ತಿರ ನಾನು ಹೋಗಿ, ನನ್ನ ಅತ್ತೆ, ನಾಳೆ ನಾನೂ ಒಳಗಿರಬಹುದೇ ಎಂದು ಕೇಳಿದೆ. ಮೇಡಂ ಕಮ್ಮಿ ಮಾತಿನವರು. ನೆಂಟರಿಗೆ ನೆಂಟರು ಕೆಲಸ ಮಾಡಬಾರದು ಎಂದರು. ನಾನು ಮೂಲೆಯಲ್ಲಿ ನಿಂತಿರುತ್ತೇನೆ, ಏನನ್ನೂ ಮುಟ್ಟುವುದಿಲ್ಲ ಎಂದೆ. ನೀನು ಏನನ್ನೂ ಮುಟ್ಟದ ದಿನ ಥಿಯೇಟರಿಗೆ ಒಳ್ಳೆಯದು ಎಂದು ಒಪ್ಪಿದರು.

ಬೆಳಿಗ್ಗೆ ಅತ್ತೆಯನ್ನು ಟ್ರಾಲಿಯಲ್ಲಿ ಒಳಗೆ ತಂದಾಗ ಅವಳು ಮಾಸ್ಕಿನವರ ನಡುವೆ ನನ್ನನ್ನು ಹುಡುಕುತ್ತಿದ್ದಳು. ನಾನು ಕೈ ಎತ್ತಿದೆ. ನಿದ್ದೆಯ ಔಷಧ ಏರುವ ಮೊದಲು ಅವಳು ನನ್ನ ಕಡೆ ತೋರುಬೆರಳು ಎತ್ತಿ ಹಿಡಿದಳು. ಒಂದು. ಮೇಡಂ ಅದೇನು ಎಂದು ಕೇಳಿದರು. ಆಶೀರ್ವಾದ ಎಂದೆ. ಬೆರಳು ಹಾಗೇ ನಿಧಾನವಾಗಿ ಬಾಗಿ ಹಾಸಿಗೆಯ ಮೇಲೆ ಮಲಗಿತು.

ಸ್ವಲ್ಪ ಹೊತ್ತು ನಾನು ಮೂಲೆಯಲ್ಲಿ ದೇವರ ಹಾಗೆ ನಿಂತಿದ್ದೆ. ಮೇಡಂ ಕುತ್ತಿಗೆಯ ಬಲಗಡೆ ಯಂತ್ರದಲ್ಲಿ ನೋಡಿ ನೋಡಿ ಚುಚ್ಚಿದರು. ಒಂದೇ ಸಲಕ್ಕೆ ರಕ್ತನಾಳ ಸಿಕ್ಕಿತು. ನನಗೆ ಮೂಲೆಯಲ್ಲೇ ಕುಣಿಯಬೇಕೆನಿಸಿತು. ಲೈನು ಒಳಗಿಳಿಯಿತು, ಹೊಲಿಗೆ ಬಿತ್ತು. ಎಕೋದ ಉದ್ದನೆಯ ಕೋಲನ್ನು ಅನ್ನನಾಳದೊಳಗೆ ಇಳಿಸಿ ಹೃದಯದ ಬೆನ್ನ ಹಿಂದೆ ನಿಲ್ಲಿಸಿದರು. ಪರದೆಯ ಮೇಲೆ ಅತ್ತೆಯ ಹೃದಯ ಮೂಡಿತು. ನನ್ನನ್ನು ಇಷ್ಟು ವರ್ಷ ಬೈದ ಹೃದಯ, ನೋಡಲು ಅಷ್ಟೇನೂ ದೊಡ್ಡದಿರಲಿಲ್ಲ. ಗಟ್ಟಿಯಾದ ಕವಾಟ ತುಕ್ಕು ಹಿಡಿದ ಬಾಗಿಲಿನ ಹಾಗೆ ಅರ್ಧ ಮಾತ್ರ ತೆರೆಯುತ್ತಿತ್ತು.

ಅಷ್ಟರಲ್ಲಿ ಮೇಡಂ ಜೊತೆ ಇದ್ದ ಟೆಕ್ನಿಷಿಯನ್ನಿಗೆ ಪಕ್ಕದ ಥಿಯೇಟರಿನಿಂದ ಅವಸರದ ಕರೆ ಬಂತು. ಅವನು ಓಡಿದ. ಮೇಡಂ ಒಂದು ಕೈಯಲ್ಲಿ ಎಕೋ ಕೋಲು ಹಿಡಿದಿದ್ದರು, ಕಣ್ಣು ಪರದೆಯ ಮೇಲಿತ್ತು. ನಳಿಗೆಯ ತುದಿ ಅವರಿಗೆ ಸ್ಪಷ್ಟವಾಗಿ ಕಾಣಲಿಲ್ಲ. ಗುಳ್ಳೆ ಬಿಟ್ಟು ನೋಡೋಣ ಎಂದು, ಸುತ್ತ ಕಣ್ಣು ಹಾಯಿಸಿ, ಬೇರೆ ಯಾರೂ ಇಲ್ಲದ್ದಕ್ಕೆ ನನ್ನ ಮೇಲೆ ನಿಲ್ಲಿಸಿದರು.

ನಾನು ಮೂಲೆಯಿಂದ ಇಳಿದು ಬಂದೆ. ಕೈ ತೊಳೆದು, ಗ್ಲೌಸು ಹಾಕಿ, ಸಿರಿಂಜು ಎರಡನ್ನೂ ಜೋಡಿಸಿ ಅಲ್ಲಾಡಿಸಿದೆ. ಎಷ್ಟು ಅಲ್ಲಾಡಿಸಿದೆ ಎಂದರೆ ಮೇಡಂ ಸಾಕು ಮಾರಾಯ, ಮಜ್ಜಿಗೆ ಕಡೆಯುವುದಲ್ಲ ಎಂದರು. ನೊರೆ ಹಾಲಿನ ಹಾಗೆ ಬೆಳ್ಳಗಾಗಿತ್ತು. ಲೈನಿಗೆ ಒಂದು ಸಣ್ಣ ಪ್ಲಾಸ್ಟಿಕ್ ತಿರುವು ಇರುತ್ತದೆ, ಮೂರು ಬಾಯಿಯದ್ದು. ಒಂದು ಬಾಯಿ ರೋಗಿಯ ಕಡೆ, ಒಂದು ಮೇಲೆ ತೂಗುವ ಡ್ರಿಪ್ಪಿನ ಬಾಟಲಿಯ ಕಡೆ, ಮೂರನೆಯದಕ್ಕೆ ನಮ್ಮ ಸಿರಿಂಜು. ಮೇಲೊಂದು ಪುಟ್ಟ ಹಿಡಿ. ನಾನು ಹಿಡಿಯನ್ನು ಅತ್ತೆಯ ಕಡೆಗೆ ತಿರುಗಿಸಿ ತಳ್ಳಿದೆ.

ಪರದೆ ಕಪ್ಪಗೇ ಇತ್ತು.

“ಬಿಟ್ಟಿಯಾ?” ಎಂದರು ಮೇಡಂ.

ಬಿಟ್ಟೆ ಎಂದೆ.

“ತಿರುವು ಸರಿ ಇದೆಯಾ ನೋಡು.”

ಸರಿ ಇದೆ ಎಂದೆ. ನೋಡಲಿಲ್ಲ. ನೋಡುವುದೇನು, ಬೇಸಿಗೆಯುದ್ದಕ್ಕೂ ತಿರುಗಿಸಿದ ಕೈ. ಹಿಡಿ ಅತ್ತೆಯ ಕಡೆ ಮುಖ ಮಾಡಿತ್ತು, ನೀರು ಅತ್ತೆಯ ಕಡೆಗೇ ಹೋಗಬೇಕು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಥಿಯೇಟರಿನ ಆ ತಿರುವು ಮಿರ್ಜಾನದ ವಾಲ್ವಿಗೆ ಸರಿಯಾಗಿ ಉಲ್ಟಾ. ಅದರ ಹಿಡಿ ಯಾವ ಕಡೆ ಮುಖ ಮಾಡಿದೆಯೋ ಆ ಬಾಯಿ ಮುಚ್ಚಿದೆ ಎಂದರ್ಥ. ತರಬೇತಿಯ ಮೊದಲ ವಾರ ಹೇಳಿಕೊಡುತ್ತಾರೆ. ನಾನು ದಿನಾ ನೂರು ಸಲ ಸರಿಯಾಗಿಯೇ ತಿರುಗಿಸುತ್ತೇನೆ. ಆದರೆ ಅವತ್ತು ಮಲಗಿದ್ದವಳು ಅತ್ತೆ, ಅವಳ ಕಡೆ ನೀರು ಬಿಡಬೇಕು ಎಂದಾಗ ನನ್ನ ಕೈ ಆಸ್ಪತ್ರೆಯಲ್ಲಿ ಇರಲೇ ಇಲ್ಲ, ಬಾವಿಕಟ್ಟೆಗೆ ಹೋಗಿತ್ತು.

ಇನ್ನೊಮ್ಮೆ ಎಂದರು ಮೇಡಂ. ಮತ್ತೆ ನೊರೆ ಕಡೆದೆ, ಇನ್ನೂ ಜೋರಾಗಿ, ಹಿಡಿಯನ್ನು ಅತ್ತೆಯ ಕಡೆಗೇ ಇನ್ನೂ ಗಟ್ಟಿಯಾಗಿ ಒತ್ತಿ ತಳ್ಳಿದೆ. ಪರದೆಯ ಮೇಲೆ ಒಂದೇ ಒಂದು ಗುಳ್ಳೆ ಬರಲಿಲ್ಲ.

ಮೇಡಂ ಹೆದರುವವರಲ್ಲ, ಆದರೆ ಅವರ ಧ್ವನಿ ತಣ್ಣಗಾದಾಗ ನಮಗೆ ಭಯ. ಚುಚ್ಚುವಾಗ ರಕ್ತ ಸರಿಯಾಗಿ ಬಂದಿತ್ತು, ಆದರೆ ನಳಿಗೆಯ ತುದಿ ಬೇರೆಲ್ಲೋ ಹೋಗಿ ಮಡಚಿಕೊಂಡಿರಬೇಕು ಎಂದರು. ಸರ್ಜನ್ ಬಾಗಿಲ ಬಳಿ ಕೈ ತೊಳೆದು ಮೊಣಕೈ ಎತ್ತಿಕೊಂಡು ಬಂದು ನಿಂತಿದ್ದರು. ಎಡಗಡೆ ಹೊಸ ಲೈನು ಹಾಕಬೇಕಾಗುತ್ತದೆ ಎಂದು ಮೇಡಂ ಅವರಿಗೆ ಹೇಳಿದರು. ಎಡಗಡೆಯ ರಕ್ತನಾಳ ತೀರ ಸಣ್ಣ, ಅಲ್ಲೂ ಸಿಗದಿದ್ದರೆ ಇವತ್ತು ನಿಲ್ಲಿಸೋಣ, ರಿಸ್ಕು ಬೇಡ ಎಂದರು. ಸರ್ಜನ್ ತಲೆ ಆಡಿಸಿದರು.

ಇವತ್ತು ನಿಲ್ಲಿಸೋಣ ಎಂಬ ಮಾತು ನನ್ನ ತಲೆಯೊಳಗೆ ಬೇರೆ ರೀತಿ ಕೇಳಿಸಿತು. ಅತ್ತೆ ಎದ್ದು, ಕನ್ನಡಿ ಹಿಡಿದು, ಕುತ್ತಿಗೆಯ ಎರಡೂ ಕಡೆ ತೂತು ಎಣಿಸಿ, ಎದೆಯ ಮೇಲೆ ಗಾಯವೇ ಇಲ್ಲದ್ದನ್ನು ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಡುವುದು ಕಂಡಿತು. ವ್ಯಾನು ಮತ್ತೆ ಉತ್ತರಕ್ಕೆ ತಿರುಗುವುದು ಕಂಡಿತು. ಆಮೇಲೆ ಅವಳನ್ನು ಯಾರೂ ಹೊರಡಿಸಲಾರರು. ಬಾವಿಕಟ್ಟೆಯ ಮೆಟ್ಟಿಲಿನ ಮೇಲೆ ಅರ್ಧಕ್ಕೆ ಕೂತು ಉಸಿರು ಹುಡುಕುತ್ತಿದ್ದವಳನ್ನು ನಾನು ಮೊನ್ನೆಯಷ್ಟೇ ನೋಡಿದ್ದೆ.

ನಾನು ತಲೆ ಎತ್ತಿದೆ. ದೇವರನ್ನು ಕರೆಯಲು ಎತ್ತಿದ್ದು. ದೇವರ ಜಾಗದಲ್ಲಿ ಡ್ರಿಪ್ಪಿನ ಬಾಟಲಿ ಇತ್ತು. ಬಾಟಲಿಯೊಳಗೆ ಬೆಳ್ಳಗೆ ನೊರೆ ಎದ್ದು, ಮೇಲೆ ಮೇಲೆ ಗುಳ್ಳೆಗಳು ಸಾಲಾಗಿ ಹತ್ತುತ್ತಿದ್ದವು, ಬೇಸಿಗೆಯಲ್ಲಿ ಈಗತಾನೇ ಒಡೆದ ಗೋಲಿಸೋಡಾದ ಹಾಗೆ. ಎಷ್ಟು ಚಂದ ಹತ್ತುತ್ತಿದ್ದವು ಎಂದರೆ ಒಂದು ಕ್ಷಣ ನನಗೆ ಖುಷಿಯೇ ಆಯಿತು. ಆಮೇಲೆ ಕೆಳಗೆ ನೋಡಿದೆ. ಹಿಡಿ ಅತ್ತೆಯ ಕಡೆ ಮುಖ ಮಾಡಿ, ಅವಳ ಬಾಗಿಲನ್ನು ಗಟ್ಟಿಯಾಗಿ ಮುಚ್ಚಿ ಕೂತಿತ್ತು. ನೀರೆಲ್ಲ ಪಕ್ಕದ ಮನೆಗೆ ಹೋಗಿತ್ತು.

ಆಗ ನನ್ನ ತಲೆಗೆ ಹೊಳೆದ ಮೊದಲ ವಿಚಾರ ಒಳ್ಳೆಯದಲ್ಲ. ಮೆಲ್ಲನೆ ಹಿಡಿ ತಿರುಗಿಸಿ, ಮೇಡಂ, ಕೊನೆಯದಾಗಿ ಒಮ್ಮೆ ನೋಡೋಣವೇ ಎಂದರೆ ಆಯಿತು, ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಹೇಳಿಯೂ ನೋಡಿದೆ. ಮೇಡಂ ಎಡಗಡೆಯ ಕುತ್ತಿಗೆಗೆ ಔಷಧ ಸವರುತ್ತಿದ್ದವರು ತಲೆ ಎತ್ತದೆ, ಎರಡು ಸಲ ನೋಡಿದ್ದು ಸಾಕು, ಸಮಯ ಇಲ್ಲ, ಸೂಜಿ ಕೊಡು ಎಂದು ಕೈ ಚಾಚಿದರು. ಸೂಜಿ ಇದ್ದದ್ದು ನನ್ನ ಪಕ್ಕದ ಟ್ರೇಯಲ್ಲಿ. ಅವರ ಚಾಚಿದ ಕೈ, ಅತ್ತೆಯ ಮಲಗಿದ ಬೆರಳು, ನಡುವೆ ನಾನು.

ನಾನು ಸೂಜಿ ಕೊಡಲಿಲ್ಲ. “ಮೇಡಂ, ಲೈನು ಸರಿ ಇದೆ. ತಿರುವು ಉಲ್ಟಾ ಇಟ್ಟೆ. ಗುಳ್ಳೆ ಎಲ್ಲ ಬಾಟಲಿಗೆ ಬಿಟ್ಟಿದ್ದೇನೆ.”

ಥಿಯೇಟರಿನಲ್ಲಿ ಎಲ್ಲರೂ ಒಟ್ಟಿಗೆ ತಲೆ ಎತ್ತಿ ಬಾಟಲಿ ನೋಡಿದರು. ಸರ್ಜನ್ ಕೂಡ. ಗುಳ್ಳೆಗಳು ಇನ್ನೂ ಹತ್ತುತ್ತಲೇ ಇದ್ದವು, ಅವಸರವಿಲ್ಲದೆ, ತೇರು ನೋಡಲು ಹೊರಟವರ ಹಾಗೆ. ಮಾಸ್ಕಿನ ಹಿಂದೆ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಮೇಡಂ ನಗಲಿಲ್ಲ. ನಾನು ಕೇಳಿದಾಗ ಸರಿ ಇದೆ ಎಂದೆಯಲ್ಲ ಎಂದರು. ನೋಡದೆ ಹೇಳಿದೆ ಎಂದೆ. ಆಮೇಲೆ ಗಾಳಿ ಹೊಕ್ಕ ಆ ಬಾಟಲಿ, ಪೈಪು, ತಿರುವು ಎಲ್ಲ ತೆಗೆಸಿ ಹೊಸದು ಹಾಕಿಸಿದರು. ಒಂದೊಂದನ್ನೂ ನನ್ನ ಕೈಯಲ್ಲೇ ಹಾಕಿಸಿದರು, ಒಂದೊಂದು ಬಾಯಿಯ ಮೇಲೂ ಬೆರಳಿಟ್ಟು ಇದು ತೆರೆದಿದೆ, ಇದು ಮುಚ್ಚಿದೆ ಎಂದು ನನ್ನ ಬಾಯಲ್ಲೇ ಜೋರಾಗಿ ಹೇಳಿಸಿದರು. ಒಂದನೇ ಕ್ಲಾಸಿನಲ್ಲಿ ಮಗ್ಗಿ ಹೇಳಿದ ಹಾಗೆ ಹೇಳಿದೆ. ಸರ್ಜನ್ ಮೊಣಕೈ ಎತ್ತಿಕೊಂಡೇ ನಿಂತು ಪಾಠ ಪೂರ್ತಿ ಕೇಳಿದರು.

ಮತ್ತೆ ನೊರೆ ಕಡೆದೆ. ಹಿಡಿಯನ್ನು ಬಾಟಲಿಯ ಕಡೆ ತಿರುಗಿಸಿದೆ, ತಿರುಗಿಸಿದ್ದನ್ನು ನೋಡಿದೆ, ನೋಡಿದ್ದನ್ನು ಮತ್ತೆ ನೋಡಿದೆ. ತಳ್ಳಿದೆ.

ಪರದೆಯ ಮೇಲೆ ಅತ್ತೆಯ ಹೃದಯದ ಬಲಕೋಣೆ ಒಮ್ಮೆಲೇ ಬೆಳ್ಳಗಾಯಿತು. ಕತ್ತಲ ಕೋಣೆಯಲ್ಲಿ ಯಾರೋ ಮಂಡಕ್ಕಿ ಎರಚಿದ ಹಾಗೆ. ಗುಳ್ಳೆಗಳು ಒಂದು ಬಡಿತಕ್ಕೆ ಹಾರಿ, ಇನ್ನೊಂದು ಬಡಿತಕ್ಕೆ ಸುತ್ತಿ, ಮುಂದಿನ ಕೋಣೆಗೆ ನುಗ್ಗಿ ಹೊರಟುಹೋದವು. ನಾನು ಈ ಕೆಲಸಕ್ಕೆ ಬಂದ ಮೇಲೆ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಅವತ್ತು ಮಾತ್ರ ಕಣ್ಣಿಗೆ ಏನೋ ಬಿತ್ತು, ಗ್ಲೌಸು ಹಾಕಿದ ಕೈಯಲ್ಲಿ ಒರೆಸುವಂತಿರಲಿಲ್ಲ. ಮೇಡಂ ಎಡಗಡೆ ಸವರಿದ ಔಷಧವನ್ನು ಒರೆಸಿ ತೆಗೆದು, ಸರ್ಜನ್ನಿಗೆ ಲೈನು ಸರಿ ಇದೆ, ಶುರು ಮಾಡಬಹುದು ಎಂದರು. ನನಗೆ ಮೂಲೆ ತೋರಿಸಿದರು. ನಾನು ಹೋಗಿ ಮತ್ತೆ ದೇವರಾದೆ.

ಕವಾಟ ಬದಲಾಯಿತು. ಅದರಲ್ಲಿ ನನ್ನ ಪಾತ್ರ ಏನೂ ಇಲ್ಲ, ಅದಕ್ಕೇ ಅದು ಯಾವ ತೊಂದರೆಯೂ ಇಲ್ಲದೆ ಮುಗಿಯಿತು. ಹೊರಗೆ ಕಾಯುತ್ತಿದ್ದವರಿಗೆ ಹೋಗಿ ಹೇಳಿದಾಗ ಮಾವ ಎದ್ದು ನಿಂತು, ಮತ್ತೆ ಕೂತು, ಮತ್ತೆ ನಿಂತರು. ಆತು, ಆತು ಎಂದಷ್ಟೇ ಹೇಳುತ್ತಿದ್ದರು. ಅಮ್ಮ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದಳು. ಬೆಳಗಿನಿಂದ ಯಾರೂ ಊಟ ಮಾಡಿರಲಿಲ್ಲ.

ಐಸಿಯುವಿನಲ್ಲಿ ಅತ್ತೆ ಕಣ್ಣು ಬಿಟ್ಟಾಗ ಅವಳ ಬಾಯಲ್ಲಿ ಉಸಿರಿನ ಪೈಪು ಇತ್ತು. ಅತ್ತೆ ಎಚ್ಚರ ಇದ್ದೂ ಮಾತಾಡದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು. ನನ್ನನ್ನು ಕಂಡದ್ದೇ ತೋರುಬೆರಳು ಎತ್ತಿದಳು, ಹುಬ್ಬು ಏರಿಸಿದಳು. ನಾನೂ ಒಂದು ಬೆರಳು ಎತ್ತಿದೆ. ಅವಳು ಕಣ್ಣು ಮುಚ್ಚಿದಳು.

ವಾರ್ಡಿಗೆ ಬಂದ ಮೇಲೆ ಮಗಳ ಕೈಯಲ್ಲಿ ಕನ್ನಡಿ ತರಿಸಿ ಎಣಿಸಿಯೇ ಬಿಟ್ಟಳು. ಒಂದೇ ಇತ್ತು. ಅಂದಿನಿಂದ ನೋಡಲು ಬಂದವರಿಗೆಲ್ಲ ನನ್ನ ಹೊಗಳಿಕೆ ಶುರುವಾಯಿತು. ಎದೆ ಯಾರು ಕೊಯ್ದರೋ ಅವಳಿಗೆ ಮುಖ್ಯವಲ್ಲ, ಕುತ್ತಿಗೆ ನೋಡಿಕೊಂಡವನು ನಮ್ಮ ಮಾಣಿ. ಕುಮಟೆಯ ನೆಂಟರು ಅದನ್ನು ಫೋನಿನಲ್ಲಿ ಊರಿಗೆ ದಾಟಿಸುತ್ತಿದ್ದರು. ಹೀಗೇ ಬಿಟ್ಟರೆ ನಾನು ಹೊನ್ನಾವರಕ್ಕೆ ಹೋಗುವಷ್ಟರಲ್ಲಿ ಚಟ್ನಿ ನಾಲ್ಕಾಗುತ್ತದೆ ಎಂದು ಗೊತ್ತಿತ್ತು. ಅಷ್ಟು ಚಟ್ನಿ ನನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಒಂದು ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಇಳಿದಿದ್ದಾಗ ಅವಳ ಮಂಚದ ತುದಿಯಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಾಟಲಿ, ನೊರೆ, ಉಲ್ಟಾ ಹಿಡಿ, ನೋಡದೆ ಸರಿ ಇದೆ ಎಂದದ್ದು, ಇನ್ನೊಂದು ನಿಮಿಷ ತಡವಾಗಿದ್ದರೆ ಎಡಗಡೆಯೂ ತೂತು ಬೀಳುತ್ತಿದ್ದದ್ದು, ಆಪರೇಷನ್ನೇ ನಿಲ್ಲಬಹುದಾಗಿದ್ದದ್ದು. ನಾನು ಡಾಕ್ಟರಲ್ಲ, ಸಿರಿಂಜು ಅಲ್ಲಾಡಿಸುವವನು ಎಂಬುದನ್ನೂ ಸೇರಿಸಿದೆ. ಅವಳು ಎದೆಯ ಹೊಲಿಗೆ ಅಲ್ಲಾಡದ ಹಾಗೆ ದಿಂಬನ್ನು ಅಪ್ಪಿಕೊಂಡು, ಮಧ್ಯೆ ಬಾಯ್ಹಾಕದೆ ಪೂರ್ತಿ ಕೇಳಿದಳು. ಅವಳು ಬೈಯಲು ಉಸಿರು ಕೂಡಿಸುತ್ತಿದ್ದಾಳೆ ಎಂದುಕೊಂಡೆ. ಈಗ ಉಸಿರು ಬೇಕಾದಷ್ಟು ಇತ್ತಲ್ಲ.

ಅವಳು ಕೇಳಿದ್ದು ಒಂದೇ. ಹಿಡಿಯನ್ನು ಯಾಕೆ ಆ ಕಡೆಗೆ ತಿರುಗಿಸಿದೆ ಎಂದು. ಬಾವಿಕಟ್ಟೆಯಲ್ಲಿ ನೀನು ಕಲಿಸಿದ ಹಾಗೆ ಎಂದೆ.

ಅತ್ತೆ ನಗಲು ಹೋಗಿ, ಹೊಲಿಗೆ ನೋವಾಗಿ, ದಿಂಬನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಸುಧಾರಿಸಿಕೊಂಡ ಮೇಲೆ ನನ್ನ ಬಲಗೈಯನ್ನು ಎಳೆದು, ಅಂಗೈ ತಿರುಗಿಸಿ, ಏನೋ ಸಾಮಾನು ಪರೀಕ್ಷೆ ಮಾಡುವವಳ ಹಾಗೆ ನೋಡಿದಳು.

“ಹಂಗಾರೆ ಬೈಗುಳ ಎನಗೆ ಬರವು, ಕಲಿಸಿದ್ದು ಆನು ಅಲ್ದ. ನಿನ್ನ ಮೇಡಂ ಹತ್ರ ಹೇಳು. ಆದ್ರೆ ತಮಾ, ಇನ್ನು ಮಿರ್ಜಾನಕ್ಕೆ ಬಂದ್ರೆ ಆ ವಾಲ್ವ್ ಒಂದು ಮುಟ್ಟಡ. ಈಗ ನಿನ್ನ ಕೈ ಆಸ್ಪತ್ರೆ ಬದಿಗೆ ತಿರುಗಿದ್ದು. ನೀರೆಲ್ಲ ಪಕ್ಕದ ಮನೆ ಬಾಳೆಗೆ ಹೋಗ್ತು. ಇನ್ನು ಆನೇ ಮೆಟ್ಲು ಇಳಿದು ನೀರು ಬಿಟ್ಕತ್ತೆ.”